ಮನೆಯ ಕಸ: ಒಂದೊಂದೇ ಹೆಜ್ಜೆಯಲ್ಲಿ ಕಡಿಮೆ ಮಾಡುವ ಬಗೆ

ಇನ್ನು ಮುಂದೆ ಮನೆಯಿಂದ ಚೂರೂ ಕಸ ಹೊರಹೋಗಬಾರದು ಎಂದು ಹಟ ತೊಟ್ಟವರು, ಚೆನ್ನಾಗಿಯೇ ಇದ್ದ ಪ್ಲಾಸ್ಟಿಕ್ ಡಬ್ಬಿಗಳನ್ನೆಲ್ಲ ಒಂದೇ ದಿನ ಹೊರಗೆ ಹಾಕಿ, ಗಾಜಿನ ಭರಣಿಗಳನ್ನು ಕೊಂಡು ತಂದು, ತಿಂಗಳು ತುಂಬುವುದರೊಳಗೆ ದಣಿದು ಮತ್ತೆ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬತೊಡಗುವುದನ್ನು ಹಲವು ಮನೆಗಳಲ್ಲಿ ಕಂಡಿದ್ದೇನೆ. ಇಲ್ಲಿ ಹೇಳಹೊರಟಿರುವ ಕ್ರಮ ಅದಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ, ಅದು ಕೈಗೆ ಅಭ್ಯಾಸವಾದ ಮೇಲೆ ಮತ್ತೊಂದು; ನಡುವೆ ತಪ್ಪಿದ ದಿನಗಳನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ.

ಮೊದಲು ಮಾಡಬೇಕಾದದ್ದು ಕಸವನ್ನು ನೋಡುವುದು. ಒಂದು ವಾರ ಏನನ್ನೂ ಬದಲಿಸದೆ, ಪ್ರತಿ ಸಂಜೆ ಹಳೆಯ ಪತ್ರಿಕೆಯ ಮೇಲೆ ಬುಟ್ಟಿಯನ್ನು ಬೋರಲು ಹಾಕಿ, ಹಸಿ, ಒಣ, ಉಳಿದದ್ದು ಎಂದು ಮೂರು ಗುಂಪು ಮಾಡಿ, ತೂಗಿ, ಒಂದು ಚೀಟಿಯಲ್ಲಿ ಬರೆದಿಡಿ. ನಮ್ಮ ಮನೆಗಳಲ್ಲಿ ತೂಕದ ಅರ್ಧಕ್ಕಿಂತ ಹೆಚ್ಚು ಪಾಲು ಅಡುಗೆಮನೆಯ ಹಸಿ ಕಸದ್ದೇ ಆಗಿರುತ್ತದೆ. ಎಣಿಕೆಯಲ್ಲಿ ಮಾತ್ರ ಹಾಲಿನ ಪ್ಯಾಕೆಟ್ಟುಗಳು ಮುಂದೆ ಬರುತ್ತವೆ: ದಿನಕ್ಕೆ ಅರ್ಧ ಲೀಟರಿನ ಎರಡು ಪ್ಯಾಕೆಟ್ ತರಿಸುವ ಮನೆಯಲ್ಲಿ ತಿಂಗಳಿಗೆ 60 ಕೂಡುತ್ತವೆ.

ಹಸಿ ಕಸದಿಂದಲೇ ಆರಂಭಿಸಿ ಎನ್ನುವುದಕ್ಕೆ ಕಾರಣವಿದೆ. ಸಾಂಬಾರಿನ ಉಳಿಕೆ, ಕಾಫಿ ಚರಟ ತಾಗಿದ ಕಾಗದವನ್ನೂ ಕವರನ್ನೂ ಯಾವ ಗುಜರಿಯವರೂ ಕೊಳ್ಳುವುದಿಲ್ಲ. ಹಸಿಯನ್ನು ಬೇರೆ ಇಟ್ಟ ದಿನವೇ ಒಣ ಕಸಕ್ಕೆ ಬೆಲೆ ಬರುತ್ತದೆ. ಕವರಿನಲ್ಲಿ ಗಂಟು ಕಟ್ಟಿ ಎಸೆದ ಹಸಿ ಕಸ ಗುಡ್ಡೆಯ ಅಡಿಯಲ್ಲಿ ಗಾಳಿಯಿಲ್ಲದೆ ಕೊಳೆತು, ಮೀಥೇನ್ ಅನಿಲವನ್ನೂ ನಾರುವ ಕಪ್ಪು ನೀರನ್ನೂ ಬಿಡುತ್ತದೆ. ಬೆಂಗಳೂರಿನ ಕಸ ಸುರಿದ ಮಾವಳ್ಳಿಪುರ, ಮಂಡೂರುಗಳ ಜನ ವರ್ಷಗಟ್ಟಲೆ ಉಂಡ ಕಷ್ಟ ಇದೇ. 2014ರಲ್ಲಿ ಮಂಡೂರಿನವರು ಬೀದಿಗಿಳಿದು ಲಾರಿಗಳನ್ನು ತಡೆದಾಗ ನಗರದವರಾದ ನಾವು ನಮ್ಮ ಬೀದಿಯ ಕಸದ ಬಗ್ಗೆ ದೂರಿದೆವು. ಆ ಕಪ್ಪು ನೀರು ಇಳಿದ ಅವರ ಬಾವಿಗಳ ಬಗ್ಗೆ ಮಾತಾಡಿದವರು ಕಡಿಮೆ.

ಗೊಬ್ಬರ ಮಾಡುವುದಕ್ಕೂ ಮುಂಚೆ, ಗೊಬ್ಬರಕ್ಕೆ ಹೋಗುವುದನ್ನೇ ಕಡಿಮೆ ಮಾಡುವ ದಾರಿ ನಮ್ಮ ಅಡುಗೆಯಲ್ಲೇ ಇದೆ. ಹೀರೆಕಾಯಿ, ಸೀಮೆಬದನೆಕಾಯಿಗಳ ಸಿಪ್ಪೆ ಚಟ್ನಿಗಾಗುತ್ತದೆ, ಕಿತ್ತಳೆ ಸಿಪ್ಪೆ ಗೊಜ್ಜಿಗಾಗುತ್ತದೆ, ಕರಾವಳಿಯ ಮನೆಗಳಲ್ಲಿ ಕಲ್ಲಂಗಡಿಯ ಕೆಂಪು ತಿರುಳಿನ ಕೆಳಗಿನ ಬಿಳಿ ಭಾಗ ದೋಸೆಯ ಹಿಟ್ಟಿಗೆ ಸೇರುತ್ತದೆ. ವಾರಕ್ಕೆ ಒಂದು ಸಲ ಇಷ್ಟು ಮಾಡಿದರೂ ಸಾಕು.

ಗೊಬ್ಬರಕ್ಕೆ 20 ಲೀಟರಿನ ಎರಡು ಹಳೆಯ ಪೇಂಟ್ ಡಬ್ಬ ಸಾಕಾಗುತ್ತವೆ. ಪಕ್ಕದಲ್ಲೂ ತಳದಲ್ಲೂ ಕಾದ ಮೊಳೆಯಿಂದ ತೂತು ಮಾಡಿ, ತಳದಲ್ಲಿ ಮೂರು ಬೆರಳಿನ ದಪ್ಪಕ್ಕೆ ಒಣ ಎಲೆ ಅಥವಾ ತೆಂಗಿನ ನಾರಿನ ಪುಡಿ ಹರಡಿ, ಡಬ್ಬವನ್ನು ಮಳೆ ಬೀಳದ, ಗಾಳಿಯಾಡುವ ಮೂಲೆಯಲ್ಲಿ ಎರಡು ಇಟ್ಟಿಗೆಗಳ ಮೇಲೆ ಇಡಿ. ಸಿಪ್ಪೆಗಳನ್ನು ಸಣ್ಣದಾಗಿ ಹೆಚ್ಚಿ ಹಾಕಿ, ಒಂದು ಹಿಡಿ ಸಿಪ್ಪೆಗೆ ಒಂದು ಹಿಡಿ ಒಣ ಎಲೆಯಂತೆ ಮುಚ್ಚುತ್ತ ಬನ್ನಿ. ಮೊದಲ ವಾರ ಒಂದು ಲೋಟ ಹುಳಿ ಮಜ್ಜಿಗೆಗೆ ಚೂರು ಬೆಲ್ಲ ಕದಡಿ ಚಿಮುಕಿಸಿದರೆ ಕೊಳೆಯುವಿಕೆ ಬೇಗ ಹಿಡಿಯುತ್ತದೆ. ಪರಿಚಯದವರ ಮನೆಯ ಹಳೆಯ ಗೊಬ್ಬರ ನಾಲ್ಕು ಹಿಡಿ ಸಿಕ್ಕರೆ ಇನ್ನೂ ಒಳ್ಳೆಯದು. ಎರಡು ಮೂರು ದಿನಕ್ಕೊಮ್ಮೆ ಕೋಲಿನಿಂದ ಬುಡದವರೆಗೆ ತಿರುವಬೇಕು.

ಹೆಚ್ಚಿನವರು ಕೈಬಿಡುವುದು ಎರಡನೆಯ ವಾರದಲ್ಲಿ. ಮುಚ್ಚಳ ತೆಗೆದಾಗ ಹುಳಿ ವಾಸನೆ ಮೂಗಿಗೆ ಬಡಿಯುತ್ತದೆ, ಅಂಚಿನಲ್ಲಿ ಬಿಳಿ ಹುಳುಗಳು ಹರಿದಾಡುತ್ತವೆ, ಮನೆಯವರೆಲ್ಲ ಡಬ್ಬವನ್ನೇ ಹೊರಗೆ ಹಾಕಿ ಎನ್ನುತ್ತಾರೆ. ಆಗ ಡಬ್ಬದ ನಡುವಿನಿಂದ ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಹಿಂಡಿ ನೋಡಿ. ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಿದರೆ ಹಸಿ ಹೆಚ್ಚಾಗಿ ಗಾಳಿ ಕಡಿಮೆಯಾಗಿದೆ ಎಂದರ್ಥ. ಒಣ ಎಲೆ ಎರಡು ಪಟ್ಟು ಸೇರಿಸಿ ತಿರುವಿದರೆ ಕೆಲವೇ ದಿನಗಳಲ್ಲಿ ವಾಸನೆ ಇಳಿಯುತ್ತದೆ. ಉಂಡೆಯಾಗಿ ನಿಂತು ಅಂಗೈ ಮಾತ್ರ ತೇವವಾದರೆ ಹದ ಸರಿಯಿದೆ. ಹುಳುಗಳು ಕಸವನ್ನೇ ತಿನ್ನುವವು, ಅವುಗಳಿಂದ ಕೇಡಿಲ್ಲ. ಮೊದಲ ಡಬ್ಬ ತುಂಬಿದ ಮೇಲೆ ಅದನ್ನು ಆಗಾಗ ತಿರುವುತ್ತ ಒಂದೂವರೆ ತಿಂಗಳು ಬಿಡಿ, ಆ ಹೊತ್ತಿನಲ್ಲಿ ಎರಡನೆಯದನ್ನು ತುಂಬುತ್ತ ಬನ್ನಿ. ಸಿಪ್ಪೆಯ ಗುರುತು ಸಿಗದೆ, ಮೊದಲ ಮಳೆ ಬಿದ್ದ ನೆಲದ ವಾಸನೆ ಬಂದಾಗ ಗೊಬ್ಬರ ಆಗಿದೆ.

ಮಾವಿನ ಓಟೆ, ತೆಂಗಿನ ಚಿಪ್ಪು, ಮೂಳೆ, ಎಣ್ಣೆ ಜಿಡ್ಡಿನ ಉಳಿಕೆಗಳನ್ನು ಆರಂಭದಲ್ಲಿ ಡಬ್ಬಕ್ಕೆ ಹಾಕಬೇಡಿ, ಬೇರೆಯಾಗಿಟ್ಟು ಕಸದ ಗಾಡಿಗೇ ಕೊಡಿ. ಊರಿಗೆ ಹೋಗುವ ವಾರದಲ್ಲಿ, ನೆಂಟರು ತುಂಬಿದ ಹಬ್ಬದಲ್ಲಿ ಎಲ್ಲ ಹಸಿ ಕಸವೂ ಗಾಡಿಗೆ ಹೋದರೆ ಹೋಗಲಿ. ಬೇರ್ಪಡಿಸಿ ಕೊಟ್ಟರೆ ಅದನ್ನೂ ಬೇರೆಡೆ ಗೊಬ್ಬರವಾಗಿಸಲು ಬರುತ್ತದೆ.

ಎರಡನೆಯ ತಿಂಗಳಲ್ಲಿ ಒಣ ಕಸಕ್ಕೆ ಕೈಹಾಕಬಹುದು. ಹಾಲಿನ ಪ್ಯಾಕೆಟ್ಟಿನ ಮೂಲೆಯನ್ನು ಪೂರ್ತಿ ಕತ್ತರಿಸಿದಾಗ ಉದುರುವ ಬೆರಳುಗುರಿನಷ್ಟಗಲದ ತ್ರಿಕೋನ ಚೂರನ್ನು ಯಾರೂ ಆಯಲಾರರು, ಅದು ಮೋರಿಗೇ ಸೇರುತ್ತದೆ. ಆದ್ದರಿಂದ ಮುಕ್ಕಾಲು ಭಾಗ ಕತ್ತರಿಸಿ, ಚೂರು ಪ್ಯಾಕೆಟ್ಟಿಗೇ ಅಂಟಿಕೊಂಡಿರುವಂತೆ ಬಿಡಿ. ಖಾಲಿಯಾದೊಡನೆ ಒಂದು ಲೋಟ ನೀರಿನಲ್ಲಿ ಅಲುಬಿ, ಆ ನೀರನ್ನು ಗಿಡಕ್ಕೆ ಹಾಕಿ, ಪ್ಯಾಕೆಟ್ಟನ್ನು ತಲೆಕೆಳಗಾಗಿ ಒಣಹಾಕಿ. ಹೀಗೆ ಕೂಡಿಟ್ಟದ್ದನ್ನು ಕಾಗದ, ಬಾಟಲಿಗಳ ಜೊತೆ ಗುಜರಿಗೆ ಕೊಡಬಹುದು. ಬೆಂಗಳೂರಿನಲ್ಲಾದರೆ ವಾರ್ಡಿನ ಒಣ ಕಸ ಸಂಗ್ರಹ ಕೇಂದ್ರಕ್ಕೂ ಒಯ್ಯಬಹುದು. ಅಲ್ಲಿ ಕಸ ವಿಂಗಡಿಸುವವರು ಬರಿಗೈಯಲ್ಲಿ ಮುಟ್ಟುತ್ತಾರೆ ಎಂಬುದು ನೆನಪಿದ್ದರೆ ತೊಳೆಯುವ ಕೆಲಸ ಭಾರವೆನಿಸದು. ಒಳಮೈ ಬೆಳ್ಳಿಯಂತೆ ಹೊಳೆಯುವ ಚಿಪ್ಸ್ ಪ್ಯಾಕೆಟ್ಟುಗಳನ್ನು ಕೊಳ್ಳುವವರು ಸಿಗುವುದೇ ಕಷ್ಟ. ಅವನ್ನು ಅಂಗಡಿಯಲ್ಲೇ ಬಿಟ್ಟು ಬರಬೇಕು. ವಾರಕ್ಕೆ ಐದು ತರುವ ಮನೆ ಎರಡಕ್ಕೆ ಇಳಿದರೂ ಅದು ನಿಜವಾದ ಇಳಿಕೆಯೇ.

ಪ್ಲಾಸ್ಟಿಕ್ ಕೈಚೀಲಗಳನ್ನು ನಮ್ಮ ರಾಜ್ಯ 2016ರಲ್ಲೇ ನಿಷೇಧಿಸಿದ್ದರೂ ಹೂವು, ಸೊಪ್ಪಿನ ಗಾಡಿಗಳಲ್ಲಿ ಕವರು ನಿಂತಿಲ್ಲ. ಬಟ್ಟೆ ಚೀಲವನ್ನು ಮನೆಯ ಗೂಟಕ್ಕೆ ತೂಗುಹಾಕುವ ಬದಲು ಸ್ಕೂಟರಿನ ಡಿಕ್ಕಿಯಲ್ಲಿ ಒಂದು, ಕಚೇರಿಯ ಬ್ಯಾಗಿನಲ್ಲಿ ಒಂದು ಇಟ್ಟುಬಿಡಿ. ಮರೆತ ದಿನ ತಂದ ಕವರನ್ನು ತೊಳೆದು ಮತ್ತೆ ಬಳಸಿ.

ಡೈಪರ್, ಸ್ಯಾನಿಟರಿ ಪ್ಯಾಡುಗಳನ್ನು ಪತ್ರಿಕೆಯಲ್ಲಿ ಸುತ್ತಿ, ಕೆಂಪು ಗುರುತು ಹಾಕಿ ಬೇರೆ ಕೊಡಬೇಕು. ಹಗಲು ಬಟ್ಟೆ, ರಾತ್ರಿ ಡೈಪರ್ ಎಂದು ಮಾಡಿಕೊಂಡ ತಾಯಂದಿರಿದ್ದಾರೆ. ಆ ಅರ್ಧ ದಾರಿಯೂ ಮೆಚ್ಚತಕ್ಕದ್ದು.

ಮೂರು ತಿಂಗಳಾದ ಮೇಲೆ ಅದೇ ತಕ್ಕಡಿಯಿಂದ ಇನ್ನೊಂದು ವಾರ ತೂಗಿ, ಹಳೆಯ ಚೀಟಿಯ ಪಕ್ಕದಲ್ಲೇ ಬರೆಯಿರಿ. ಇಳಿಯದೆ ಉಳಿದಿರುವುದು ಯಾವುದೆಂದು ಅಲ್ಲೇ ಕಾಣುತ್ತದೆ. ಅದರಲ್ಲಿ ಒಂದನ್ನು ಮಾತ್ರ ನಾಲ್ಕನೆಯ ತಿಂಗಳಿಗೆ ಆರಿಸಿಕೊಳ್ಳಿ.