ಪಕ್ಕದ ಮನೆಯ ಒಂಟಿ ಹಿರಿಯರು: ಬಾಗಿಲು ತೆರೆಯದ ದಿನಕ್ಕೆ ಈಗಲೇ ಸಿದ್ಧರಾಗಿ

ಒಂಟಿಯಾಗಿರುವ ಹಿರಿಯರು ಮನೆಯೊಳಗೆ ಬಿದ್ದಾಗ, ಎಷ್ಟೋ ಸಲ ಬಿದ್ದ ಏಟಿಗಿಂತ ಬಿದ್ದಲ್ಲೇ ಉಳಿದ ಹೊತ್ತೇ ಹೆಚ್ಚು ಕೆಡುಕು ಮಾಡುತ್ತದೆ. ಗಟ್ಟಿ ನೆಲದ ಮೇಲೆ ಒಂದೇ ಮಗ್ಗುಲಲ್ಲಿ ಗಂಟೆಗಟ್ಟಲೆ ಮಲಗಿದ್ದರೆ ಒತ್ತಿದ ಜಾಗದ ಚರ್ಮ ಹುಣ್ಣಾಗುತ್ತದೆ, ಮೈಯ ನೀರಿನಂಶ ಇಳಿಯುತ್ತದೆ, ಹಾನಿಗೊಂಡ ಸ್ನಾಯುಗಳಿಂದ ರಕ್ತಕ್ಕೆ ಸೇರುವ ಅಂಶಗಳು ಮೂತ್ರಪಿಂಡವನ್ನು ಕೆಡಿಸುತ್ತವೆ. ಮೂಳೆ ಮುರಿಯದಿದ್ದರೂ ತಾವಾಗಿ ಏಳಲಾರದವರು ಬಹಳ ಮಂದಿ. ಆ ಹೊತ್ತನ್ನು ಕಡಿಮೆ ಮಾಡುವುದೇ ನೆರೆಯವರಿಂದ ಆಗಬೇಕಾದ ಮೊದಲ ಕೆಲಸ. ಅದಕ್ಕೆ ಒಳ್ಳೆಯ ಮನಸ್ಸೊಂದೇ ಸಾಲದು. ಮೊದಲೇ ಕೂತು ಮಾತಾಡಿ ಗೊತ್ತು ಮಾಡಿಕೊಂಡ ಏರ್ಪಾಡು ಬೇಕು.

ಮಾತು ಎತ್ತುವುದು ಹೇಗೆ

‘ನಿಮಗೆ ವಯಸ್ಸಾಯ್ತು, ಯಾರಾದ್ರೂ ನೋಡ್ಕೋಬೇಕು’ ಎಂದು ಶುರು ಮಾಡಿದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಸ್ವಾಭಿಮಾನದಿಂದ ಒಬ್ಬರೇ ಬದುಕುತ್ತಿರುವವರಿಗೆ ಅದು ಚುಚ್ಚುಮಾತು. ‘ನಾವಿಲ್ಲದಾಗ ನಮ್ಮನೆ ಕೀ ನಿಮ್ಮ ಹತ್ರ ಇರ್ಲಿ, ನಿಮ್ಮದೊಂದು ನಮ್ಮ ಹತ್ರ ಇರ್ಲಿ’ ಎಂದರೆ ಒಪ್ಪುವವರು ಹೆಚ್ಚು. ಕೊಡುವುದು ತೆಗೆದುಕೊಳ್ಳುವುದು ಎರಡೂ ಕಡೆಯಿಂದ ನಡೆದರೆ ಏರ್ಪಾಡು ಬಾಳುತ್ತದೆ. ಬೇಡ ಎಂದರೆ ಒತ್ತಾಯಿಸಬೇಡಿ. ಕೆಲವು ವಾರ ಬಿಟ್ಟು ಮತ್ತೆ ಕೇಳಿ. ಒಪ್ಪಿಗೆಯಿಲ್ಲದೆ ಗಮನಿಸುತ್ತಾ ಕೂರುವುದು ಕಾಳಜಿಯಲ್ಲ, ಬೇಹುಗಾರಿಕೆ.

ಬೆಳಗಿನ ಗುರುತು

ಅವರು ದಿನವೂ ತಪ್ಪದೆ ಮಾಡುವ, ನಿಮ್ಮ ಮನೆಯಿಂದ ಕಾಣುವ ಯಾವುದಾದರೂ ಒಂದು ಕೆಲಸವನ್ನು ಗುರುತಾಗಿ ಇಟ್ಟುಕೊಳ್ಳಿ. ಕಿಟಕಿ ಪರದೆ ಸರಿಸುವುದು, ಹೊರಗಿನ ದೀಪ ಆರಿಸುವುದು, ಹೀಗೆ. ಆದರೆ ಬೆಳಿಗ್ಗೆ ಮಾಡಿದ್ದನ್ನು ರಾತ್ರಿ ಮತ್ತೆ ಮೊದಲಿನಂತೆ ಮಾಡಬೇಕು. ಪರದೆಯನ್ನು ರಾತ್ರಿ ಎಳೆಯದಿದ್ದರೆ ನಿನ್ನೆ ತೆರೆದದ್ದು ಇಂದೂ ತೆರೆದೇ ಇರುತ್ತದೆ, ನಿಮಗೆ ಎಲ್ಲ ಸರಿಯಿದ್ದಂತೆ ಕಾಣುತ್ತದೆ. ಮನೆ ಕಾಣದಷ್ಟು ದೂರವಿದ್ದರೆ ವಾಟ್ಸ್ಆ್ಯಪ್ ಶುಭೋದಯವೂ ಆಗಬಹುದು (ಎಲ್ಲರೂ ಬೈದುಕೊಳ್ಳುವ ಆ ಹೂವಿನ ಚಿತ್ರಕ್ಕೆ ಇಲ್ಲೊಂದು ಉಪಯೋಗವಿದೆ). ಚಾರ್ಜ್ ಮುಗಿದ ಫೋನು ಸುಳ್ಳು ಗಾಬರಿ ಹುಟ್ಟಿಸುತ್ತದೆ, ಅಷ್ಟೇ.

ಗುರುತಿಗೊಂದು ಗಡುವು ಇರಲಿ. ಏಳೂವರೆಗೆ ಏಳುವವರಾದರೆ ಒಂಬತ್ತು ಗಂಟೆ ಸರಿ. ಒಂಬತ್ತಾದರೂ ಕಾಣದಿದ್ದರೆ ಫೋನ್ ಮಾಡಿ. ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ. ಆಮೇಲೆ ಬಾಗಿಲು ತಟ್ಟಿ. ಶ್ರವಣ ಸಾಧನ ತೆಗೆದಿಟ್ಟು ಮಲಗುವವರಿಗೆ ಕರೆಗಂಟೆ ಕೇಳದು, ಮಲಗುವ ಕೋಣೆಯ ಕಿಟಕಿಗೆ ಹೋಗಿ ಹೆಸರು ಹಿಡಿದು ಕೂಗಿ. ಅಷ್ಟರಲ್ಲಿ ಇನ್ನೊಬ್ಬರು ಮಕ್ಕಳಿಗೋ ಹತ್ತಿರದ ಬಂಧುಗಳಿಗೋ ಫೋನ್ ಮಾಡಿ, ಎಲ್ಲಿಗಾದರೂ ಹೋಗಿದ್ದಾರೆಯೇ ಎಂದು ಕೇಳಲಿ. ಮೊದಲ ಕರೆಯಿಂದ ಅರ್ಧ ಗಂಟೆಯಾದರೂ ಸುಳಿವಿಲ್ಲದಿದ್ದರೆ ಇಬ್ಬರು ಸೇರಿ ಬಾಗಿಲು ತೆರೆಯಿರಿ. ಈ ಅರ್ಧ ಗಂಟೆಯ ಲೆಕ್ಕವನ್ನೂ ‘ನೆರೆಯವರು ಒಳಗೆ ಬರಲು ನನ್ನ ಒಪ್ಪಿಗೆ ಇದೆ’ ಎಂಬ ಮಾತನ್ನೂ ಮೊದಲೇ ಕಾಗದದಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಿ. ಇಲ್ಲದಿದ್ದರೆ ‘ತೆರೆಯೋಣವೋ ಬೇಡವೋ’ ಎಂಬ ಚರ್ಚೆಯಲ್ಲೇ ಮಧ್ಯಾಹ್ನವಾಗುತ್ತದೆ.

ಒಳಗಿಂದ ನರಳಾಟ ಕೇಳಿದರೆ, ಒಳಗೆ ಬಿದ್ದಿರುವುದು ಕಿಟಕಿಯಿಂದ ಕಂಡರೆ ಈ ಮೆಟ್ಟಿಲುಗಳೆಲ್ಲ ಬೇಡ; ನೇರ ತುರ್ತು ಸೇವೆಗೆ ಕರೆ ಮಾಡಿ. ಗ್ಯಾಸ್ ವಾಸನೆ ಬಂದರೆ ಕರೆಗಂಟೆ ಒತ್ತಬೇಡಿ, ದೀಪದ ಸ್ವಿಚ್ ಮುಟ್ಟಬೇಡಿ, ದೂರ ಹೋಗಿ ಫೋನ್ ಮಾಡಿ. ಸ್ವಿಚ್ಚಿನೊಳಗಿನ ಸಣ್ಣ ಕಿಡಿಯೇ ಬೆಂಕಿ ಹಚ್ಚೀತು.

ಕೀ ಇದ್ದೂ ಒಳಗೆ ಹೋಗಲಾಗದಿದ್ದರೆ

ಏರ್ಪಾಡು ಹೆಚ್ಚಾಗಿ ಕೆಡುವುದು ಇಲ್ಲೇ. ಕೈಯಲ್ಲಿ ಕೀ ಇರುತ್ತದೆ, ಬಾಗಿಲಿಗೆ ಒಳಗಿನಿಂದ ಚಿಲಕ. ಒಂಟಿಯಾಗಿರುವವರು ಭಯಕ್ಕೆ ಮೇಲೊಂದು ಕೆಳಗೊಂದು ಬೋಲ್ಟ್, ಜೊತೆಗೆ ಸರಪಳಿಯನ್ನೂ ಹಾಕಿಕೊಳ್ಳುತ್ತಾರೆ. ಒಳಗಿನಿಂದ ಗುಬುಟು ತಿರುಗಿಸಿ, ಹೊರಗಿನಿಂದ ಕೀ ಹಾಕಿ ತೆರೆಯುವ ಒಂದು ಗಟ್ಟಿ ಬೀಗ ಹಾಕಿಸಿದರೆ ಭದ್ರತೆಯೂ ಇರುತ್ತದೆ, ದಾರಿಯೂ ಇರುತ್ತದೆ. ಒಳಗಡೆ ಬೀಗದಲ್ಲೇ ಕೀ ಸಿಕ್ಕಿಸಿಟ್ಟಿದ್ದರೆ ಬಹಳಷ್ಟು ಬೀಗಗಳಲ್ಲಿ ಹೊರಗಿನ ಕೀ ಹೋಗುವುದೇ ಇಲ್ಲ. ಒಳಗಿನ ಕೀಗೆ ಬಾಗಿಲ ಪಕ್ಕ ಒಂದು ಮೊಳೆ ಹೊಡೆದುಕೊಡಿ.

ಬಚ್ಚಲ ಬಾಗಿಲನ್ನೂ ನೋಡಿ. ಅದು ಒಳಕ್ಕೆ ತೆರೆಯುವಂತಿದ್ದರೆ, ಬಿದ್ದವರ ಮೈಯೇ ಬಾಗಿಲಿಗೆ ಅಡ್ಡವಾಗುತ್ತದೆ. ತಳ್ಳಿದರೆ ಅವರಿಗೇ ಪೆಟ್ಟು. ಹೊರಕ್ಕೆ ತೆರೆಯುವಂತೆ ತಿರುಗಿಸಿ ಕೂರಿಸುವುದು ಬಡಗಿಗೆ ದೊಡ್ಡ ಕೆಲಸವಲ್ಲ. ಅದಾಗದಿದ್ದರೆ ಒಂಟಿಯಾಗಿರುವಾಗ ಚಿಲಕ ಹಾಕದಿರುವುದು ರೂಢಿಯಾಗಲಿ. ಅಲ್ಲೇ ಗೋಡೆಗೆ ಹಿಡಿಕೆಯನ್ನೂ ಹಾಕಿಸಿ. ಟವೆಲ್ ಹಾಕುವ ಕಂಬಿ ಹಿಡಿಕೆಯಲ್ಲ, ಮೈಭಾರಕ್ಕೆ ಮೊಳೆ ಸಮೇತ ಕಿತ್ತು ಬರುತ್ತದೆ.

ಕೀ ಎರಡು ಮನೆಗಳಲ್ಲಿರಲಿ. ಅದಕ್ಕೆ ಹೆಸರು, ಮನೆ ಸಂಖ್ಯೆ ಬರೆದ ಚೀಟಿ ಕಟ್ಟಬೇಡಿ. ಬಣ್ಣದ ದಾರ ಸಾಕು. ಕೆಲವು ತಿಂಗಳಿಗೊಮ್ಮೆ ಅವರೆದುರಿಗೇ ಹಾಕಿ ತಿರುಗಿಸಿ ನೋಡಿ.

ಬಾಗಿಲ ಹಿಂದಿನ ಹಾಳೆ

ಹೆಸರು, ವಯಸ್ಸು, ಕಾಯಿಲೆಗಳು, ಮಾತ್ರೆಗಳ ಹೆಸರು ಮತ್ತು ಪ್ರಮಾಣ, ಒಗ್ಗದ ಔಷಧ, ವೈದ್ಯರ ಮತ್ತು ಇಬ್ಬರು ಬಂಧುಗಳ ಫೋನ್ ಸಂಖ್ಯೆ, ಬರೆದ ದಿನಾಂಕ. ಇಷ್ಟನ್ನು ದೊಡ್ಡ ಅಕ್ಷರದಲ್ಲಿ ಬರೆದು ಮುಂಬಾಗಿಲ ಒಳಬದಿಗೆ ಅಂಟಿಸಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದರ ಕೆಳಗೆ ಗೆರೆ ಎಳೆಯಿರಿ. ಅಂಥವರ ತಲೆಗೆ ಪೆಟ್ಟಾದರೆ, ‘ಏನೂ ಆಗಿಲ್ಲ’ ಎಂದರೂ ಆಸ್ಪತ್ರೆಗೆ ಹೋಗಲೇಬೇಕು. ಒಳಗಿನ ರಕ್ತಸ್ರಾವ ನಿಧಾನವಾಗಿ, ಗಂಟೆಗಳ ನಂತರವೂ ತೋರಬಹುದು.

ಬಿದ್ದಿರುವುದು ಕಂಡಾಗ

ತೋಳು ಹಿಡಿದು ಎಳೆದು ಎಬ್ಬಿಸುವುದೇ ಎಲ್ಲರೂ ಮಾಡುವ ತಪ್ಪು. ಭುಜ ಕೀಲು ತಪ್ಪುತ್ತದೆ, ನಿಮ್ಮ ಸೊಂಟವೂ ಹಿಡಿಯುತ್ತದೆ. ಮೊದಲು ಮಾತಾಡಿಸಿ. ಕತ್ತು, ಬೆನ್ನು ಅಥವಾ ಸೊಂಟದಲ್ಲಿ ತೀವ್ರ ನೋವಿದ್ದರೆ, ಪ್ರಜ್ಞೆ ಮಸುಕಾಗಿದ್ದರೆ, ಒಂದು ಕಾಲು ಗಿಡ್ಡವಾದಂತೆ ಕಂಡು ಪಾದ ಹೊರಕ್ಕೆ ತಿರುಗಿದ್ದರೆ ಅಲುಗಿಸಬೇಡಿ. ಕೊನೆಯದು ಸೊಂಟದ ಮೂಳೆ ಮುರಿದಿರುವ ಲಕ್ಷಣ. ಆಂಬುಲೆನ್ಸ್ ಕರೆಸಿ, ಹೊದಿಕೆ ಹೊದಿಸಿ, ತಿನ್ನಲು ಕುಡಿಯಲು ಏನೂ ಕೊಡಬೇಡಿ, ಶಸ್ತ್ರಚಿಕಿತ್ಸೆ ಬೇಕಾಗಬಹುದು.

ಅಂಥದ್ದೇನೂ ಇಲ್ಲದಿದ್ದರೆ ಅವರೇ ಏಳುವಂತೆ ಆಸರೆಯಾಗಿ. ಮಗ್ಗುಲಿಗೆ ಹೊರಳಿ, ಅಂಗೈ ಮತ್ತು ಮಂಡಿಯ ಮೇಲೆ ಬರಲಿ. ಮುಂದೆ ಒಂದು ಗಟ್ಟಿ ಕುರ್ಚಿ ಇಡಿ, ಗಾಲಿಯದ್ದು ಬೇಡ. ಕುರ್ಚಿಯ ಮೇಲೆ ಕೈಯೂರಿ, ಬಲವಿರುವ ಕಾಲಿನ ಪಾದವನ್ನು ಮೊದಲು ನೆಲಕ್ಕೂರಿ ಮೇಲೇಳಲಿ. ಎದ್ದೊಡನೆ ಇನ್ನೊಂದು ಕುರ್ಚಿಯನ್ನು ಹಿಂದಿನಿಂದ ಸರಿಸಿ ಕೂರಿಸಿ. ಕೆಲವು ನಿಮಿಷ ಕೂತಿರಲಿ. ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರಿಗೆ ಥಟ್ಟನೆ ನಿಂತರೆ ರಕ್ತದೊತ್ತಡ ಇಳಿದು ಮತ್ತೆ ಬೀಳುವ ಅಪಾಯವಿದೆ.

ನೆರೆಯವರ ಕಣ್ಣಿಗೆ ಮಾತ್ರ ಬೀಳುವುದು

ಬಾಯಿ ಒಂದು ಬದಿಗೆ ಸೊಟ್ಟಗಾಗಿದೆ, ಒಂದು ಕೈ ಎತ್ತಲಾಗುತ್ತಿಲ್ಲ, ಮಾತು ತೊದಲುತ್ತಿದೆ: ಪಾರ್ಶ್ವವಾಯು. ಮೂರರಲ್ಲಿ ಒಂದಿದ್ದರೂ ತಡಮಾಡಬೇಡಿ. ಆಸ್ಪತ್ರೆಯಲ್ಲಿ ಕೇಳುವ ಮೊದಲ ಪ್ರಶ್ನೆ, ‘ಕೊನೆಯದಾಗಿ ಸರಿಯಿದ್ದದ್ದು ಎಷ್ಟು ಹೊತ್ತಿಗೆ?’. ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ಆ ಹೊತ್ತಿನಿಂದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಒಂಟಿಯಾಗಿರುವವರ ವಿಷಯದಲ್ಲಿ ಈ ಪ್ರಶ್ನೆಗೆ ಉತ್ತರ ಗೊತ್ತಿರುವುದು ನಿಮಗೊಬ್ಬರಿಗೇ ಇರಬಹುದು. ಪರದೆ ಸರಿಸಿದ್ದನ್ನು ಎಷ್ಟು ಗಂಟೆಗೆ ಕಂಡಿರಿ ಎಂಬುದೂ ಆಗ ಲೆಕ್ಕಕ್ಕೆ ಬರುತ್ತದೆ. ಮಾತ್ರೆ, ನೀರು ಏನನ್ನೂ ಬಾಯಿಗೆ ಹಾಕಬೇಡಿ, ನುಂಗಲಾಗದೆ ಶ್ವಾಸನಾಳಕ್ಕೆ ಇಳಿಯಬಹುದು.

ನಿನ್ನೆ ಮೊನ್ನೆ ಚೆನ್ನಾಗಿದ್ದವರು ಇಂದು ದಿನ ಯಾವುದೆಂದು ತಿಳಿಯದೆ, ಏನೇನೋ ಮಾತಾಡುತ್ತಿದ್ದರೆ ‘ವಯಸ್ಸಾಯ್ತು, ಅರಳುಮರಳು’ ಎಂದು ಬಿಡಬೇಡಿ. ಮರೆವಿನ ಕಾಯಿಲೆ ಸಾಮಾನ್ಯವಾಗಿ ತಿಂಗಳು, ವರ್ಷಗಳಲ್ಲಿ ಬರುತ್ತದೆ. ಒಂದೆರಡು ದಿನದಲ್ಲಿ ಬಂದ ಗೊಂದಲಕ್ಕೆ ಬಹುತೇಕ ಬೇರೆ ಕಾರಣವಿರುತ್ತದೆ: ಮೂತ್ರದ ಸೋಂಕು, ಎದೆಯ ಸೋಂಕು, ನಿರ್ಜಲೀಕರಣ, ಸೋಡಿಯಂ ಇಳಿದಿರುವುದು, ಹೊಸ ಮಾತ್ರೆ. ಹಿರಿಯರಲ್ಲಿ ಸೋಂಕಿದ್ದರೂ ಜ್ವರ ಬಾರದಿರಬಹುದು. ಅದೇ ದಿನ ವೈದ್ಯರಿಗೆ ತೋರಿಸಿ. ಸಕ್ಕರೆ ಕಾಯಿಲೆಯವರು ಬೆವರಿ ನಡುಗುತ್ತಿದ್ದರೆ ರಕ್ತದ ಸಕ್ಕರೆ ಇಳಿದಿರಬಹುದು; ಎಚ್ಚರವಿದ್ದು ನುಂಗಬಲ್ಲರಾದರೆ, 15 ಗ್ರಾಂ, ಅಂದರೆ ಸುಮಾರು ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ 15 ನಿಮಿಷ ನೋಡಿ.

ಬಟ್ಟೆ, ಹಲ್ಲಿನ ಸೆಟ್ಟು ಸಡಿಲವಾಗಿದ್ದರೆ ತೂಕ ಇಳಿದಿದೆ. ತಳ ಸುಟ್ಟ ಪಾತ್ರೆ, ತೆರೆಯದ ಬಿಲ್ಲುಗಳ ರಾಶಿ, ವಾರದ ಮಾತ್ರೆ ಡಬ್ಬಿಯಲ್ಲಿ ಉಳಿದುಹೋದ ಮಾತ್ರೆಗಳನ್ನೂ ಗಮನಿಸಿ. ಮಾತ್ರೆಗಳನ್ನು ನೀವೇ ಸರಿಮಾಡಲು ಹೋಗಬೇಡಿ, ಮನೆಯವರಿಗೆ ತಿಳಿಸಿ. ಬಿಸಿಲ ದಿನಗಳಲ್ಲಿ ಎರಡು ಸಲ ವಿಚಾರಿಸಿ, ಏಕೆಂದರೆ ವಯಸ್ಸಾದಂತೆ ಬಾಯಾರಿಕೆಯೇ ತಿಳಿಯುವುದಿಲ್ಲ. ಕೋಣೆ 40 ಡಿಗ್ರಿ ಸೆಲ್ಸಿಯಸ್ ದಾಟಿದರೆ ಫ್ಯಾನ್ ಮೈಗೆ ಬಿಸಿಗಾಳಿಯನ್ನೇ ಬೀಸುತ್ತದೆ, ಒದ್ದೆ ಬಟ್ಟೆಯಿಂದ ಮೈ ಒರೆಸುವುದು ಮೇಲು. ಹೃದಯ, ಮೂತ್ರಪಿಂಡದ ತೊಂದರೆಯವರಿಗೆ ನೀರಿಗೂ ಮಿತಿ ಇರಬಹುದು, ಕೇಳಿ ಕೊಡಿ.

ದುಡ್ಡಿನ ವಿಷಯದಲ್ಲಿ ದೂರವಿರಿ. ಸಾಮಾನು ತಂದುಕೊಟ್ಟರೆ ರಸೀದಿ, ಚಿಲ್ಲರೆ ಎರಡನ್ನೂ ಕೈಗೆ ಕೊಡಿ. ಎಟಿಎಂ ಪಿನ್ ಅವರಾಗಿ ಹೇಳಿದರೂ ಕೇಳಿಸಿಕೊಳ್ಳಬೇಡಿ.

ಈ ಏರ್ಪಾಡು ಒಬ್ಬರ ಹೆಗಲಿಗೆ ಬಿದ್ದರೆ ಆರು ತಿಂಗಳಲ್ಲಿ ಬೇಸರ ಬರುತ್ತದೆ. ಮೂರು ಮನೆಯವರು ವಾರಕ್ಕೊಬ್ಬರಂತೆ ಹಂಚಿಕೊಳ್ಳಿ. ಹಿರಿಯರೂ ಹೊರಗೆ ಹೋಗುವಾಗ ಆ ವಾರದವರಿಗೆ ಹೇಳಿ ಹೋಗಲಿ. ಮರೆತು ಹೋದ ದಿನ ನೀವು ಗಾಬರಿಯಿಂದ ಬಾಗಿಲು ತೆರೆದರೆ ಅವರಿಗೆ ನಾಚಿಕೆ, ನಿಮಗೆ ಮುಜುಗರ. ‘ಇರ್ಲಿ ಬಿಡಿ, ಕೀ ಸರಿಯಿದೆ ಅಂತ ಗೊತ್ತಾಯ್ತು’ ಎಂದುಬಿಡಿ. ಸುಳ್ಳು ಗಾಬರಿ ಎರಡು ಮೂರು ಸಲ ಆಯಿತೆಂದು ಗಡುವನ್ನು ಹನ್ನೆರಡು ಗಂಟೆಗೆ ಸಡಿಲಿಸಬೇಡಿ. ಗಡುವು ಹಾಗೇ ಇರಲಿ, ಗುರುತನ್ನು ಬದಲಿಸಿ. ಪರದೆ ಮರೆಯುವವರು ಹೊರಗಿನ ದೀಪವನ್ನು ಮರೆಯಲಿಕ್ಕಿಲ್ಲ.