ಲಸಿಕೆಗೆ ಹಿಂಜರಿಯುವವರೊಡನೆ ಮಾತನಾಡುವುದು ಹೇಗೆ?

ಲಸಿಕೆ ಬೇಡವೆಂದವರ ಮುಂದೆ ಅಂಕಿಅಂಶಗಳ ಕಂತೆ ಬಿಚ್ಚಿ, ಕೊನೆಗೆ ‘ಇವರಿಗೆ ಹೇಳಿ ಪ್ರಯೋಜನವಿಲ್ಲ’ ಎಂದು ಎದ್ದುಹೋಗುವ ಉತ್ಸಾಹಿಗಳನ್ನು ನಾನು ಸಾಕಷ್ಟು ಕಂಡಿದ್ದೇನೆ. ಎದುರಿನವರ ಅಳುಕು ಏನೆಂದು ತಿಳಿಯುವ ಮೊದಲೇ ಅವರು ಉತ್ತರ ಕೊಡಲು ತೊಡಗಿರುತ್ತಾರೆ.

ಮೊದಲಿಗೆ, ಗುಂಪನ್ನು ಬಿಟ್ಟು, ಬಿಡುವಿರುವಾಗ ಒಬ್ಬರೊಡನೆಯೇ ಕುಳಿತುಕೊಳ್ಳಿ.

ಎರಡನೆಯದು ಕಷ್ಟದ ಹಂತ. ‘ನಿಮಗೆ ಯಾವುದರ ಬಗ್ಗೆ ಚಿಂತೆ?’ ಎಂದು ಕೇಳಿ ಸುಮ್ಮನಿರಬೇಕು. ಅವರು ತಪ್ಪನ್ನೇ ಹೇಳಿದರೂ ನಡುವೆ ಬಾಯಿ ಹಾಕಬಾರದು. ಮೊದಲು ಹೊರಬೀಳುವ ಕಾರಣವೇ ನಿಜವಾದ ಕಾರಣವಾಗಿರಬೇಕೆಂದಿಲ್ಲ. ‘ಆಟಿಸಂ (ಮಗುವಿನ ಮಾತು, ಒಡನಾಟಗಳ ಮೇಲೆ ಪರಿಣಾಮ ಬೀರುವ ಬೆಳವಣಿಗೆಯ ಸ್ಥಿತಿ) ಬರುತ್ತದಂತೆ’ ಎನ್ನುವವರನ್ನು ಒಳಗೊಳಗೇ ಕಾಡುತ್ತಿರುವುದು ಹಿಂದಿನ ಸಲ ಮಗುವಿಗೆ ರಾತ್ರಿಯಿಡೀ ಬಂದ ಜ್ವರವಾಗಿರಬಹುದು. ಇನ್ನೊಬ್ಬರಿಗೆ ಲಸಿಕೆಯ ಮೇಲೆ ಅಪನಂಬಿಕೆಯೇ ಇಲ್ಲದೆ, ದಿನದ ದುಡಿಮೆ ಬಿಟ್ಟು ಸರತಿಯಲ್ಲಿ ನಿಲ್ಲುವುದಷ್ಟೇ ಕಷ್ಟವಾಗಿರಬಹುದು. ಅಂಥವರಿಗೆ ವಿಜ್ಞಾನದ ಪಾಠ ಮಾಡಿ ಫಲವಿಲ್ಲ, ರಜಾದಿನದಲ್ಲೂ ಲಸಿಕೆ ಹಾಕುವ ಕೇಂದ್ರ ಯಾವುದೆಂದು ಹುಡುಕಿಕೊಡಿ. ಆದ್ದರಿಂದ ‘ಇನ್ನೇನಾದರೂ ಇದೆಯೇ?’ ಎಂದು ಕನಿಷ್ಠ ಎರಡು ಸಲ ಕೇಳಿ, ಕೇಳಿಸಿಕೊಂಡದ್ದನ್ನು ನಿಮ್ಮ ಮಾತಿನಲ್ಲಿ ಹೇಳಿನೋಡಿ. ‘ಹೌದು, ಅದೇ’ ಎಂದು ಅವರು ಹೇಳುವವರೆಗೂ ಉತ್ತರಕ್ಕೆ ಕೈಹಾಕಬೇಡಿ.

ಬಳಿಕ ‘ನನಗೆ ತಿಳಿದದ್ದು ಹೇಳಲೇ?’ ಎಂದು ಅನುಮತಿ ಪಡೆದು, ಆ ಒಂದು ಪ್ರಶ್ನೆಗಷ್ಟೇ ಉತ್ತರಿಸಿ. ಅದು ನಿಜಕ್ಕೂ ಆಟಿಸಂ ಕುರಿತದ್ದಾದರೆ, ಡೆನ್ಮಾರ್ಕ್‌ನ 6.5 ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟವಾದ ಅಧ್ಯಯನಕ್ಕೆ ದಡಾರದ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಕಾಣಲಿಲ್ಲವೆಂದು ಮೊದಲು ತಿಳಿಸಿ. 1998ರಲ್ಲಿ ಕೇವಲ 12 ಮಕ್ಕಳನ್ನು ಆಧರಿಸಿ ಆ ಶಂಕೆ ಹುಟ್ಟಿಸಿದ ಪ್ರಬಂಧವನ್ನು ಅದನ್ನು ಪ್ರಕಟಿಸಿದ್ದ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತೆಂಬುದು ಆಮೇಲೆ ಬರಲಿ. ವದಂತಿಯಿಂದಲೇ ಮಾತು ಆರಂಭಿಸಿದರೆ ಅದೇ ನೆನಪಿನಲ್ಲಿ ಉಳಿಯುತ್ತದೆ. ರೋಗಪೀಡಿತ ಮಕ್ಕಳ ಭಯಾನಕ ಚಿತ್ರಗಳಿರುವ ಸಿದ್ಧ ಭಿತ್ತಿಪತ್ರಗಳನ್ನಂತೂ ನಾನು ಮುಟ್ಟುವುದೇ ಇಲ್ಲ. ಹೆದರಿ ಕುಳಿತವರನ್ನು ಅವು ಇನ್ನಷ್ಟು ಹೆದರಿಸುತ್ತವೆ.

ಅಡ್ಡಪರಿಣಾಮಗಳನ್ನು ನೀವೇ ಮುಂಚಿತವಾಗಿ ಹೇಳಬೇಕು. ಚುಚ್ಚಿದ ಜಾಗದಲ್ಲಿ ನೋವು, ಒಂದೆರಡು ದಿನ ಜ್ವರ ಸಾಮಾನ್ಯ. ದಡಾರದ ಲಸಿಕೆಯಾದರೆ ಜ್ವರ ವಾರದ ನಂತರವೂ ಬರಬಹುದು. ತೀವ್ರ ಅಲರ್ಜಿ ತೀರಾ ಅಪರೂಪ. ಆದರೂ ಅದರ ಮೇಲೆ ಕಣ್ಣಿಡಲೆಂದೇ ಲಸಿಕೆಯ ನಂತರ ಸ್ವಲ್ಪ ಹೊತ್ತು ಅಲ್ಲೇ ಕೂರಿಸುತ್ತಾರೆ. ‘ಏನೂ ಆಗುವುದಿಲ್ಲ’ ಎಂಬ ಸುಲಭದ ಮಾತು ಮೊದಲ ಜ್ವರಕ್ಕೇ ಸುಳ್ಳಾಗಿ, ಮುಂದಿನ ಡೋಸ್ ತಪ್ಪುತ್ತದೆ. ಜ್ವರ ಬಾರದಿರಲೆಂದು ಚುಚ್ಚುಮದ್ದಿಗೆ ಮೊದಲೇ ಪ್ಯಾರಾಸಿಟಮಾಲ್ ಕುಡಿಸುವ ಉಪಾಯವನ್ನೂ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡುವುದಿಲ್ಲ.

ಒಪ್ಪಿದರೆ ಅಲ್ಲೇ ದಿನ ಗೊತ್ತುಮಾಡಿ. ಒಪ್ಪದಿದ್ದರೆ, ಮತ್ತೆ ಯಾವಾಗ ಬರಲೆಂದು ಕೇಳಿ ಏಳಿ.