ಗೋಧಿ ಬಿಟ್ಟ ಅಡುಗೆಮನೆ

ಮೊಮ್ಮಗಳಿಗೆ ಸೀಲಿಯಾಕ್, ಅಂದರೆ ಗ್ಲುಟೆನ್ ಎಂಬ ಪ್ರೋಟೀನು ಹೊಟ್ಟೆಗೆ ಹೋದರೆ ಕರುಳಿನ ಒಳಪದರ ಹಾಳಾಗುವ ಕಾಯಿಲೆಯಿದೆ ಎಂದು ರಕ್ತಪರೀಕ್ಷೆಯಲ್ಲಿಯೂ ಸಣ್ಣಕರುಳಿನ ಬಯಾಪ್ಸಿಯಲ್ಲಿಯೂ ಖಚಿತವಾದ ತಿಂಗಳು, ನಮ್ಮ ಮನೆಯ ದಿನಸಿ ಹಣದ ದೊಡ್ಡ ಪಾಲು ‘ಗ್ಲುಟೆನ್ ಫ್ರೀ’ ಎಂದು ಅಚ್ಚಾದ ಬ್ರೆಡ್ಡು, ಬಿಸ್ಕತ್ತುಗಳಿಗೆ ಹೋಯಿತು. ಅವುಗಳ ಅಗತ್ಯವೇ ಇರಲಿಲ್ಲ. ಗ್ಲುಟೆನ್ ಇರುವುದು ಗೋಧಿ, ಬಾರ್ಲಿ ಮತ್ತು ರೈ ಧಾನ್ಯಗಳಲ್ಲಿ. ಅಕ್ಕಿ, ರಾಗಿ, ಜೋಳ, ಸಜ್ಜೆ, ನವಣೆ, ಬೇಳೆಕಾಳುಗಳಲ್ಲಿ ಅದು ಇಲ್ಲ. ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಮುದ್ದೆ ಮತ್ತು ಬಸ್ಸಾರು, ರಾತ್ರಿ ಅನ್ನ ಉಣ್ಣುವ ಮನೆಗೆ ಈ ಪಥ್ಯದಿಂದ ಖರ್ಚು ಹೆಚ್ಚುವುದಿಲ್ಲ. ಆದರೆ ಈ ಕಾಯಿಲೆಯ ಸಂಶಯವಿರುವವರು ಪರೀಕ್ಷೆಗೆ ಮುಂಚೆ ಗೋಧಿ ಬಿಡಬಾರದು, ಬಿಟ್ಟರೆ ಪರೀಕ್ಷೆಯಲ್ಲಿ ಕಾಯಿಲೆ ಕಾಣಿಸದೇ ಹೋಗಬಹುದು.

ನಿಜವಾದ ಅಪಾಯವಿರುವುದು ಹಿಟ್ಟಿನ ಗಿರಣಿಯಲ್ಲಿ. ಹಿಂದಿನವರ ಗೋಧಿ ಬೀಸಿ ಮುಗಿದೊಡನೆ ನಮ್ಮ ರಾಗಿಯನ್ನು ಸುರಿದಾಗ, ಡಬ್ಬಿಗೆ ಮೊದಲು ಬೀಳುವ ಹಿಟ್ಟು ಬೆಳ್ಳಗಿದ್ದು, ಬರಬರುತ್ತ ಕಂದು ಬಣ್ಣಕ್ಕೆ ತಿರುಗುವುದನ್ನು ನಾನೇ ನಿಂತು ನೋಡಿದ್ದೇನೆ. ಒಂದು ಕಿಲೋ ಆಹಾರದಲ್ಲಿ 20 ಮಿಲಿಗ್ರಾಮಿಗಿಂತ ಹೆಚ್ಚು ಗ್ಲುಟೆನ್ ಇದ್ದರೆ ಅದನ್ನು ಗ್ಲುಟೆನ್‌ರಹಿತವೆಂದು ಮಾರುವಂತಿಲ್ಲ. ಹಾಗಿರುವಾಗ ಆ ಬಿಳಿ ಹಿಟ್ಟು ಮಗುವಿನ ಕರುಳಿಗೆ ಎಷ್ಟು ದೊಡ್ಡ ಪೆಟ್ಟೆಂದು ಯೋಚಿಸಿರಿ. ಗೋಧಿಯನ್ನೇ ಹಾಕದ ಗಿರಣಿ ಸಿಗದಿದ್ದರೆ ಮನೆಯಲ್ಲಿಯೇ ಬೀಸಿಕೊಳ್ಳುವುದು ಮೇಲು. ಅಕ್ಕಿಯನ್ನು ತೊಳೆದು, ಬಟ್ಟೆಯ ಮೇಲೆ ನೆರಳಿನಲ್ಲಿ ಆರಿಸಿ, ಮಿಕ್ಸಿಯಲ್ಲಿ ಸ್ವಲ್ಪ ಸ್ವಲ್ಪವೇ ಪುಡಿ ಮಾಡಿ ಜರಡಿ ಹಿಡಿದರೆ ಒಳ್ಳೆಯ ರೊಟ್ಟಿಯ ಹಿಟ್ಟಾಗುತ್ತದೆ. ರಾಗಿಯಾದರೆ, ನಡುವೆ ಸೇರಿರುವ ಗೋಧಿಕಾಳನ್ನು ಮೊದಲು ಹೆಕ್ಕಿ, ಆಮೇಲೆ ತೊಳೆದು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಬೇಕು.

ರವೆ, ಮೈದಾ, ಶಾವಿಗೆಗಳು ಎಲ್ಲರಿಗೂ ನೆನಪಿರುತ್ತವೆ, ಇಂಗು ನೆನಪಿರುವುದಿಲ್ಲ. ಡಬ್ಬಿಯಲ್ಲಿ ಬರುವ ಇಂಗಿನಲ್ಲಿ ಅನೇಕ ವೇಳೆ ಗೋಧಿ ಹಿಟ್ಟೇ ಬೆರೆತಿರುತ್ತದೆ. ನಾವು ಆರು ತಿಂಗಳು ಅದನ್ನೇ ಸಾರಿಗೆ ಹಾಕಿ, ಮಗುವಿನ ಹೊಟ್ಟೆಯುಬ್ಬರ ಏಕೆ ಇಳಿಯುತ್ತಿಲ್ಲವೆಂದು ಅಳುತ್ತಿದ್ದೆವು. ಈಗ ಒಗ್ಗರಣೆಗೆ ಬೆಳ್ಳುಳ್ಳಿ ಹಾಕುತ್ತೇವೆ. ಹಾಲಿಗೆ ಬೆರೆಸುವ ಬಾರ್ಲಿ ಮಾಲ್ಟ್ ಪುಡಿಗಳು, ಉರಿಮೂತ್ರಕ್ಕೆಂದು ಕುಡಿಸುವ ಬಾರ್ಲಿ ನೀರು, ಅಂಗಡಿಯ ನಿಪ್ಪಟ್ಟು, ಕೋಡುಬಳೆ ಇವೂ ಬೇಡ.

ಮನೆಯ ಉಳಿದವರಿಗೆ ಚಪಾತಿ ಮಾಡುವುದಿದ್ದರೆ ಮಗುವಿನ ಅಡುಗೆಯನ್ನು ಮೊದಲು ಮುಗಿಸಿ ಮುಚ್ಚಿಡಿರಿ. ಜರಡಿ, ಲಟ್ಟಣಿಗೆ, ಮರದ ಸೌಟುಗಳಿಂದ ಹಿಟ್ಟು ಪೂರ್ತಿ ಹೋಗುವುದಿಲ್ಲವಾದ್ದರಿಂದ ಅವಷ್ಟನ್ನಾದರೂ ಬೇರೆಯಾಗಿ ಇಡಿರಿ.

ಹಬ್ಬದ ದಿನ ಬಂಧುಗಳು ‘ಒಂದು ಚಮಚ ಪ್ರಸಾದ ತಾನೇ, ಏನೂ ಆಗುವುದಿಲ್ಲ’ ಎನ್ನುತ್ತಾರೆ. ಆಗುತ್ತದೆ, ನೋವು ಕಾಣಿಸದಿದ್ದರೂ ಕರುಳಿನ ಒಳಪದರ ಸವೆಯುತ್ತದೆ. ಆದ್ದರಿಂದ ನಮ್ಮ ಮನೆಯ ಸತ್ಯನಾರಾಯಣ ಪೂಜೆಗೆ ಸಜ್ಜಿಗೆಯನ್ನು ಅಕ್ಕಿತರಿಯಲ್ಲಿಯೇ ಮಾಡಿ ಎಲ್ಲರಿಗೂ ಅದನ್ನೇ ಹಂಚುತ್ತೇವೆ. ತರಿಯನ್ನು ತುಪ್ಪದಲ್ಲಿ ಘಮ್ಮೆನ್ನುವಂತೆ ಹುರಿದು, ಗೋಧಿ ರವೆಗಿಂತ ಹೆಚ್ಚು ಹಾಲು ಮತ್ತು ನೀರು ಹಾಕಿ, ಕಾಳು ಬೆರಳಿಗೆ ಮೆತ್ತಗೆ ಸಿಕ್ಕಿದ ಮೇಲಷ್ಟೇ ಸಕ್ಕರೆ, ಬಾಳೆಹಣ್ಣು ಸೇರಿಸಬೇಕು. ಸಕ್ಕರೆ ಮೊದಲೇ ಬಿದ್ದರೆ ತರಿ ಬೇಯುವುದಿಲ್ಲ.